‘99.9%’, ‘ನಂಬರ್ 1’, ‘ವೈದ್ಯರ ಶಿಫಾರಸು’: ಬುರುಡೆ ಜಾಹೀರಾತಿನ ಮೇಲೆ ಆಸ್ಕಿಗೆ ದೂರು ಕೊಡುವುದು ಹೇಗೆ?

ಟಿ.ವಿ.ಯಲ್ಲಿ ಯಾವುದೋ ಎಣ್ಣೆಯದ್ದೋ ಸೋಪಿನದ್ದೋ ಜಾಹೀರಾತು ಬಂದಾಗ ‘ಸುಮ್ನೆ ಬುರುಡೆ ಬಿಡ್ತಾರೆ’ ಎಂದು ಬೈದು ಚಾನೆಲ್ ಬದಲಿಸುತ್ತೇವೆ. ಬೈಯುವುದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಮಾತನ್ನು ನಾಲ್ಕು ಸಾಲಿನ ದೂರಾಗಿ ಬರೆದು ಕಳಿಸಿದರೆ, ಹೇಳಿದ ಮಾತಿಗೆ ಪುರಾವೆ ತೋರಿಸು ಎಂದು ಕಂಪನಿಯನ್ನು ಕೇಳುವವರು ಇದ್ದಾರೆ. ಇದಕ್ಕೆ ದುಡ್ಡು ಖರ್ಚಿಲ್ಲ, ವಕೀಲರೂ ಬೇಡ. ಆ ಸಾಮಾನನ್ನು ನೀವು ಕೊಂಡಿರಬೇಕು ಎಂದೂ ಇಲ್ಲ. ಜಾಹೀರಾತನ್ನು ನೋಡಿದ್ದರೆ ಸಾಕು.

ಹಾಗೆ ಕೇಳುವ ಸಂಸ್ಥೆಯ ಹೆಸರು ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ. ಚಿಕ್ಕದಾಗಿ ಆಸ್ಕಿ. ಪತ್ರಿಕೆಗಳಲ್ಲಿ ಎಎಸ್‌ಸಿಐ ಎಂದೂ ಬರೆಯುತ್ತಾರೆ. 1985ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಇದು ಸರ್ಕಾರದ ಇಲಾಖೆಯಲ್ಲ. ಜಾಹೀರಾತು ಕೊಡುವ ಕಂಪನಿಗಳು, ಅದನ್ನು ತಯಾರಿಸುವ ಏಜೆನ್ಸಿಗಳು, ಪ್ರಕಟಿಸುವ ಮಾಧ್ಯಮಗಳು ಸೇರಿಕೊಂಡು ‘ನಮಗೆ ನಾವೇ ನಿಯಮ ಹಾಕಿಕೊಳ್ಳುತ್ತೇವೆ’ ಎಂದು ಕಟ್ಟಿಕೊಂಡ, ಲಾಭದ ಉದ್ದೇಶವಿಲ್ಲದ ಸಂಸ್ಥೆ.

‘ಹಾಗಾದರೆ ಬೇಲಿಯೇ ಎದ್ದು ಹೊಲ ಮೇಯುವುದಿಲ್ವಾ?’ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಎರಡು ಸಂಗತಿ ಗೊತ್ತಿರಲಿ. ದೂರಿನ ಮೇಲೆ ತೀರ್ಮಾನ ಕೊಡುವುದು ಕನ್ಸ್ಯೂಮರ್ ಕಂಪ್ಲೇಂಟ್ಸ್ ಕೌನ್ಸಿಲ್ ಎಂಬ ಸಮಿತಿ. ಅದರಲ್ಲಿ ಜಾಹೀರಾತು ಉದ್ಯಮಕ್ಕೆ ಸೇರದವರೇ ಜಾಸ್ತಿ: ವೈದ್ಯರು, ವಕೀಲರು, ಶಿಕ್ಷಣದವರು, ಗ್ರಾಹಕ ಹೋರಾಟಗಾರರು ಇಂಥವರು. ಇನ್ನೊಂದು, ಆಸ್ಕಿಯ ನಿಯಮಕ್ಕೆ ಟಿ.ವಿ. ಮಟ್ಟಿಗೆ ಕಾನೂನಿನ ಬಲ ಸಿಕ್ಕಿದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳಿಗೆ 2006ರಲ್ಲಿ ಒಂದು ಸಾಲು ಸೇರಿಸಿದರು. ಆಸ್ಕಿಯ ಸಂಹಿತೆಯನ್ನು, ಅಂದರೆ ಅದರ ನಿಯಮಗಳ ಪಟ್ಟಿಯನ್ನು, ಮುರಿಯುವ ಜಾಹೀರಾತನ್ನು ಕೇಬಲ್‌ನಲ್ಲಿ ತೋರಿಸುವಂತಿಲ್ಲ ಎನ್ನುತ್ತದೆ ಆ ಸಾಲು. ಟಿ.ವಿ. ಮತ್ತು ರೇಡಿಯೋ ಜಾಹೀರಾತಿನ ದೂರುಗಳಿಗೆ ಇದು ಸರಿಯಾದ ವ್ಯವಸ್ಥೆಯೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. ಹಾಗಂತ ಆಸ್ಕಿ ಯಾರನ್ನೂ ಜೈಲಿಗೆ ಹಾಕುವುದಿಲ್ಲ, ದಂಡ ಹಾಕುವುದಿಲ್ಲ, ನಿಮ್ಮ ದುಡ್ಡು ವಾಪಸ್ ಕೊಡಿಸುವುದೂ ಇಲ್ಲ. ಆ ಜಾಹೀರಾತನ್ನು ತೆಗೆಸುವುದು ಅಥವಾ ತಿದ್ದಿಸುವುದು, ಇಷ್ಟೇ ಅದರ ಕೆಲಸ.

ಹಂತ 1: ಇದು ಆಸ್ಕಿಗೆ ಹೋಗುವ ವಿಷಯವೇ ಎಂದು ನೋಡಿ

ಸಾಮಾನು ಕೆಟ್ಟಿದೆ, ಸರ್ವಿಸ್ ಸರಿಯಿಲ್ಲ, ರಿಫಂಡ್ ಕೊಡುತ್ತಿಲ್ಲ ಅನ್ನುವುದಾದರೆ ಆಸ್ಕಿಗೆ ಬರೆಯಬೇಡಿ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ರಾಜಕೀಯ ಪಕ್ಷಗಳ ಜಾಹೀರಾತನ್ನೂ ಆಸ್ಕಿ ಮುಟ್ಟುವುದಿಲ್ಲ. ಚುನಾವಣೆ ಹೊತ್ತಿನಲ್ಲಿ ಬರುವ ಭರವಸೆಗಳಿಗೆ ‘ಷರತ್ತು ಅನ್ವಯ’ ಎನ್ನುವ ನಕ್ಷತ್ರ ಗುರುತೂ ಇರುವುದಿಲ್ಲ, ಬಿಡಿ. ಅದೇ ವಿಷಯ ಆಗಲೇ ಕೋರ್ಟಿನಲ್ಲಿದ್ದರೆ ಅದನ್ನೂ ಇಲ್ಲಿ ತೆಗೆದುಕೊಳ್ಳುವುದಿಲ್ಲ.

ಮಾಧ್ಯಮ ಮಾತ್ರ ಯಾವುದಿದ್ದರೂ ನಡೆಯುತ್ತದೆ. ಪತ್ರಿಕೆ, ಟಿ.ವಿ., ಎಫ್.ಎಂ., ಹೋರ್ಡಿಂಗ್, ವೆಬ್‌ಸೈಟ್, ಇನ್‌ಸ್ಟಾಗ್ರಾಮ್ ರೀಲ್, ಎಲ್ಲವೂ ಸೇರುತ್ತವೆ. ಬೇರೆ ದೇಶದಲ್ಲಿ ತಯಾರಾದ ಜಾಹೀರಾತಾದರೂ ಇಲ್ಲಿನ ಗ್ರಾಹಕರಿಗೆ ತೋರಿಸುತ್ತಿದ್ದರೆ ಸಂಹಿತೆ ಅನ್ವಯವಾಗುತ್ತದೆ.

ಸಂಹಿತೆಯಲ್ಲಿ ನಾಲ್ಕು ಅಧ್ಯಾಯಗಳಿವೆ. ಸಭ್ಯತೆ, ಅಪಾಯಕಾರಿ ಸಂಗತಿಗಳು, ಎದುರಾಳಿ ಕಂಪನಿಗಳ ಜೊತೆ ನ್ಯಾಯವಾದ ಪೈಪೋಟಿ, ಇವು ಕೊನೆಯ ಮೂರು. ನಮಗೆ ಇಲ್ಲಿ ಬೇಕಾದದ್ದು ಮೊದಲನೇ ಅಧ್ಯಾಯ. ಜಾಹೀರಾತು ನಿಜ ಹೇಳಬೇಕು. ಅಳೆದು ನೋಡಬಹುದಾದ ಯಾವ ಮಾತು ಹೇಳಿದರೂ ಅದಕ್ಕೆ ಪುರಾವೆ ಇರಬೇಕು, ಕೇಳಿದಾಗ ಕೊಡಬೇಕು. ಇಡೀ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಅದು ಸುಳ್ಳು ಎಂದು ಸಾಬೀತು ಮಾಡುವ ಹೊರೆ ನಿಮ್ಮದಲ್ಲ. ನಿಜ ಎಂದು ತೋರಿಸುವ ಹೊರೆ ಅವರದು.

ಹಂತ 2: ಒಂದೇ ಒಂದು ಹೇಳಿಕೆಯನ್ನು ಹಿಡಿಯಿರಿ

‘ಈ ಜಾಹೀರಾತು ಪೂರ್ತಿ ಮೋಸ’ ಎಂದು ಬರೆದ ದೂರು ಎಲ್ಲಿಗೂ ಹೋಗುವುದಿಲ್ಲ. ಯಾವ ಮಾತು? ಯಾವ ಅಂಕಿ? ಅದನ್ನು ಬೆರಳಿಟ್ಟು ತೋರಿಸಬೇಕು.

ಮೊದಲು ತಮಾಷೆಯ ಉತ್ಪ್ರೇಕ್ಷೆಯನ್ನು ಪಕ್ಕಕ್ಕಿಡಿ. ಡಿಯೋಡರೆಂಟ್ ಹಾಕಿಕೊಂಡವನ ಹಿಂದೆ ಊರೇ ಓಡಿಬಂದರೆ, ಬಬಲ್‌ಗಮ್ ಜಗಿದವನು ಗಾಳಿಯಲ್ಲಿ ತೇಲಿದರೆ, ಅದನ್ನು ಯಾರೂ ನಿಜ ಅಂದುಕೊಳ್ಳುವುದಿಲ್ಲ. ನೋಡಿದ ತಕ್ಷಣ ತಮಾಷೆ ಎಂದು ಗೊತ್ತಾಗುವ ಅತಿಶಯೋಕ್ತಿಗೆ ಸಂಹಿತೆಯೇ ಅವಕಾಶ ಕೊಟ್ಟಿದೆ. ‘ಅಮ್ಮನ ಕೈರುಚಿ’ ಎಂದರೂ ಅಷ್ಟೇ, ಅದನ್ನು ಅಳೆಯುವುದು ಹೇಗೆ? ಆದರೆ ‘ನಮ್ಮ ಸಾಂಬಾರ್ ಪುಡಿಯಲ್ಲಿ ಕೃತಕ ಬಣ್ಣವಿಲ್ಲ’ ಎಂದರೆ ಅದು ಅಳೆಯಬಹುದಾದ ಮಾತು.

ಮತ್ತೆ ಮತ್ತೆ ಸಿಕ್ಕಿಬೀಳುವ ಹೇಳಿಕೆಗಳು ಕೆಲವಿವೆ. ಅವುಗಳನ್ನು ಹೇಗೆ ಪ್ರಶ್ನಿಸಬೇಕು ಎಂದು ನೋಡೋಣ.

*‘ನಂಬರ್ 1’.* ಯಾವುದರಲ್ಲಿ? ಮಾರಾಟದಲ್ಲೋ, ಗುಣಮಟ್ಟದಲ್ಲೋ, ಅಥವಾ ಒಂದು ಸಣ್ಣ ಸಮೀಕ್ಷೆಯಲ್ಲೋ? ಯಾವ ವರ್ಷ, ಯಾವ ಊರು? ಸಮೀಕ್ಷೆಯ ಹೆಸರು ಹೇಳಿ ಹೆಮ್ಮೆಪಟ್ಟರೆ ಅದನ್ನು ಯಾರು ಮಾಡಿದರು, ಯಾವಾಗ ಮಾಡಿದರು ಎಂದು ಜಾಹೀರಾತಿನಲ್ಲೇ ಕಾಣಿಸಬೇಕು. ಪ್ರಶಸ್ತಿ, ರ್‍ಯಾಂಕಿಂಗ್‌ಗಳಿಗೂ ಇದೇ ಮಾತು. ದುಡ್ಡು ಕೊಟ್ಟರೆ ‘ವರ್ಷದ ಅತ್ಯುತ್ತಮ’ ಫಲಕ ಕೊಡುವವರು ಇರುವುದರಿಂದಲೇ ಆಸ್ಕಿ ಇದಕ್ಕೆ ಬೇರೆ ಮಾರ್ಗಸೂಚಿ ಮಾಡಿದೆ.

*‘ವೈದ್ಯರ ಶಿಫಾರಸು’.* ಬಿಳಿ ಕೋಟು ಕಂಡರೆ ನಮ್ಮ ಜನ ನಂಬಿಬಿಡುತ್ತಾರೆ. ಇಲ್ಲಿ ಒಂದು ನಿಜವಾದ ಪ್ರಕರಣ ನೋಡುವುದು ಒಳ್ಳೆಯದು. ಸೆನ್ಸೊಡೈನ್ ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ‘ಜಗತ್ತಿನಾದ್ಯಂತ ದಂತವೈದ್ಯರ ಶಿಫಾರಸು’, ‘ಜಗತ್ತಿನ ನಂಬರ್ 1 ಸೆನ್ಸಿಟಿವಿಟಿ ಟೂತ್‌ಪೇಸ್ಟ್’ ಎಂಬ ಮಾತುಗಳಿದ್ದವು. ವಿದೇಶದ ದಂತವೈದ್ಯರನ್ನು ತೋರಿಸಿದ್ದರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಅಂದರೆ ಸಿಸಿಪಿಎ, ಪುರಾವೆ ಕೇಳಿತು. ಕಂಪನಿ ಎರಡು ಸಮೀಕ್ಷೆ ಮುಂದಿಟ್ಟಿತು. ತೆಗೆದು ನೋಡಿದರೆ ಎರಡೂ ಭಾರತದ ದಂತವೈದ್ಯರನ್ನು ಮಾತ್ರ ಕೇಳಿ ಮಾಡಿದ್ದು! ಜಾಹೀರಾತು ಹೇಳಿದ್ದು ‘ಜಗತ್ತು’, ಪುರಾವೆ ಇದ್ದದ್ದು ಒಂದು ದೇಶದ್ದು. 2022ರ ಮಾರ್ಚ್‌ನಲ್ಲಿ ಜಾಹೀರಾತು ನಿಲ್ಲಿಸಲು ಹೇಳಿ, 10 ಲಕ್ಷ ರೂಪಾಯಿ ದಂಡ ಹಾಕಿದರು. ಈ ಪ್ರಕರಣ ಆಸ್ಕಿಯದಲ್ಲ, ಸರ್ಕಾರಿ ಪ್ರಾಧಿಕಾರದ್ದು. ಆದರೆ ಕೇಳಿದ ಪ್ರಶ್ನೆ ಅದೇ. ಪುರಾವೆ ಎಷ್ಟು ಅಗಲ, ಮಾತು ಎಷ್ಟು ಅಗಲ? ದೂರು ಬರೆಯುವಾಗ ನೀವು ಹುಡುಕಬೇಕಾದದ್ದು ಈ ಎರಡರ ನಡುವಿನ ಅಂತರವನ್ನೇ.

*‘99.9% ಕೀಟಾಣು ನಾಶ’.* ಸಾಮಾನ್ಯವಾಗಿ ಇದು ಪ್ರಯೋಗಾಲಯದಲ್ಲಿ, ಆಯ್ದ ಕೆಲವು ಬ್ಯಾಕ್ಟೀರಿಯಾಗಳ ಮೇಲೆ, ಇಂತಿಷ್ಟು ಹೊತ್ತು ಬಿಟ್ಟು ಮಾಡಿದ ಪರೀಕ್ಷೆಯ ಅಂಕಿ. ಅಡುಗೆಮನೆ ಕಟ್ಟೆಯ ಮೇಲೆ ಒಂದು ಸಲ ಒರೆಸಿದರೆ ಅಷ್ಟೇ ಆಗುತ್ತದಾ ಎಂದು ಕೇಳಿ.

*ರೋಗ ವಾಸಿ ಮಾಡುವ ಮಾತು.* ‘ಸಕ್ಕರೆ ಕಾಯಿಲೆ ಬುಡಸಮೇತ ವಾಸಿ’, ‘ಎತ್ತರ ಬೆಳೆಯಲು’, ‘ಕ್ಯಾನ್ಸರ್‌ಗೆ ಮದ್ದು’. ಇಂಥವು ಊರ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೂ ಇರುತ್ತವೆ, ದೊಡ್ಡ ಪತ್ರಿಕೆಯ ಒಳಪುಟದಲ್ಲೂ ಇರುತ್ತವೆ. ಇಲ್ಲಿ ಪುರಾವೆಯ ಮಾತಿರಲಿ, 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಔಷಧ ಎಂದು ಜಾಹೀರಾತು ಕೊಡುವುದೇ ಅಪರಾಧ. ಮಧುಮೇಹ, ಕ್ಯಾನ್ಸರ್, ದೇಹದ ಎತ್ತರ ಎಲ್ಲವೂ ಆ ಪಟ್ಟಿಯಲ್ಲಿವೆ. ದೂರಿನಲ್ಲಿ ಈ ಕಾಯ್ದೆಯ ಹೆಸರು ಹಾಕಿ.

*ತಿನ್ನುವ, ಕುಡಿಯುವ ವಸ್ತು.* ‘ಸಕ್ಕರೆ ಸೇರಿಸಿಲ್ಲ’ ಬೇರೆ, ‘ಶುಗರ್ ಫ್ರೀ’ ಬೇರೆ. ಶುಗರ್ ಫ್ರೀ ಎನ್ನಬೇಕಾದರೆ 100 ಗ್ರಾಂ ಅಥವಾ 100 ಮಿಲಿಯಲ್ಲಿ ಸಕ್ಕರೆ ಅರ್ಧ ಗ್ರಾಂ ದಾಟುವಂತಿಲ್ಲ. ಡಬ್ಬ ತಿರುಗಿಸಿ ಹಿಂದಿನ ಪೌಷ್ಟಿಕಾಂಶದ ಪಟ್ಟಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹಣ್ಣಿನ ರಸದ ಸಾಂದ್ರಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸಿಗೆ ‘100% ಹಣ್ಣಿನ ರಸ’ ಎಂದು ಬರೆಯುತ್ತಿದ್ದವರಿಗೆ, ಅದನ್ನು ತೆಗೆಯಿರಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೇಳಬೇಕಾಯಿತು.

*ಕೋಚಿಂಗ್ ಮತ್ತು ಕಾಲೇಜು.* ಫಲಿತಾಂಶ ಬಂದ ಮರುದಿನ ಪತ್ರಿಕೆಯ ಮುಖಪುಟ ತುಂಬ ರ್‍ಯಾಂಕ್ ಬಂದ ಮಕ್ಕಳ ಫೋಟೊ. ಒಂದೇ ಮಗು ಮೂರು ಸಂಸ್ಥೆಗಳ ಜಾಹೀರಾತಿನಲ್ಲಿ ನಗುತ್ತಿರುತ್ತದೆ. ಆ ಮಗು ಎರಡು ವರ್ಷ ಓದಿದ್ದು ಒಂದು ಕಡೆ, ಕೊನೆಯ ವಾರ ಅಣಕು ಪರೀಕ್ಷೆ ಬರೆದದ್ದು ಇನ್ನೊಂದು ಕಡೆ ಇರಬಹುದು. 2024ರ ನವೆಂಬರ್ 13ರಂದು ಸಿಸಿಪಿಎ ಕೋಚಿಂಗ್ ಜಾಹೀರಾತಿಗೆಂದೇ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಫೋಟೊ ಹಾಕಬೇಕಾದರೆ ಆಯ್ಕೆಯಾದ ಮೇಲೆ ವಿದ್ಯಾರ್ಥಿಯಿಂದ ಲಿಖಿತ ಒಪ್ಪಿಗೆ ಬೇಕು. ಯಾವ ಕೋರ್ಸ್, ಎಷ್ಟು ಕಾಲ ಓದಿದರು, ದುಡ್ಡು ಕೊಟ್ಟ ಕೋರ್ಸೇ ಎಂದೂ ಹೇಳಬೇಕು. ‘100% ಉದ್ಯೋಗ ಗ್ಯಾರಂಟಿ’ಗೂ ಪುರಾವೆ ಕೇಳಿ.

*ರೀಲ್ಸ್.* ನಿಮ್ಮ ಮೆಚ್ಚಿನ ಕನ್ನಡ ಇನ್‌ಫ್ಲುಯೆನ್ಸರ್ ‘ನಾನು ದಿನಾ ಇದನ್ನೇ ಹಚ್ಚೋದು’ ಎಂದಾಗ, ಅದಕ್ಕೆ ದುಡ್ಡು ಬಂದಿದೆಯೋ ಇಲ್ಲವೋ ನಮಗೆ ಗೊತ್ತಾಗಬೇಕು, ಅಲ್ವಾ? 2021ರ ಜೂನ್‌ನಿಂದ ಜಾರಿಯಲ್ಲಿರುವ ಆಸ್ಕಿ ಮಾರ್ಗಸೂಚಿ ಹೇಳುವುದೂ ಅದನ್ನೇ. ದುಡ್ಡಿರಲಿ, ಉಚಿತ ಉಡುಗೊರೆಯಿರಲಿ, ಸಂಬಂಧ ಇದ್ದರೆ ‘ಜಾಹೀರಾತು’ ಎಂಬ ಗುರುತು ಎದ್ದು ಕಾಣಬೇಕು. ಹ್ಯಾಷ್‌ಟ್ಯಾಗ್ ರಾಶಿಯ ಅಡಿಯಲ್ಲಿ ಹೂತಿಟ್ಟರೆ ಆಗುವುದಿಲ್ಲ. ಆರೋಗ್ಯ, ಹಣಕಾಸಿನ ಬಗ್ಗೆ ಸಲಹೆ ಕೊಡುವವರಿಗೆ ಆ ವಿಷಯದಲ್ಲಿ ಅರ್ಹತೆಯೂ ಇರಬೇಕು ಎಂದು 2023ರಲ್ಲಿ ಸೇರಿಸಿದರು. ಗುರುತಿಲ್ಲದ ರೀಲ್ ಮೇಲೆ ದೂರು ಕೊಡುವುದು ಎಲ್ಲಕ್ಕಿಂತ ಸುಲಭ. ಏಕೆಂದರೆ ತಪ್ಪು ಕಣ್ಣಿಗೇ ಕಾಣುತ್ತಿರುತ್ತದೆ.

ಹಂತ 3: ನಕ್ಷತ್ರದ ಹಿಂದೆ ಹೋಗಿ

ದೊಡ್ಡ ಅಕ್ಷರದಲ್ಲಿ ಕೊಟ್ಟದ್ದನ್ನು ಸಣ್ಣ ಅಕ್ಷರದಲ್ಲಿ ವಾಪಸ್ ಕಿತ್ತುಕೊಳ್ಳುವುದು ಹಳೆಯ ಆಟ. ಒಂದು ಕಾಲ್ಪನಿಕ ಶ್ಯಾಂಪೂ ಜಾಹೀರಾತನ್ನು ಇಟ್ಟುಕೊಂಡು ನೋಡೋಣ.

ನಟಿ ತಲೆ ತಿರುಗಿಸುತ್ತಾಳೆ. ಹಿನ್ನೆಲೆ ಧ್ವನಿ ಕನ್ನಡದಲ್ಲಿ ಹೇಳುತ್ತದೆ: ‘ಕೂದಲು ಉದುರುವುದು 98 ಪರ್ಸೆಂಟ್ ಕಡಿಮೆ!’ ಪರದೆಯ ಮೇಲೆ ಬಂಗಾರದ ಬಣ್ಣದಲ್ಲಿ 98%, ಪಕ್ಕದಲ್ಲಿ ಇರುವೆಯಷ್ಟು ನಕ್ಷತ್ರ. ಕೆಳಗೆ ಒಂದೂವರೆ ಸಾಲು ಇಂಗ್ಲಿಷ್ ಹಾದುಹೋಗುತ್ತದೆ. ವಿಡಿಯೊ ನಿಲ್ಲಿಸಿ, ದೊಡ್ಡದು ಮಾಡಿ ಓದಿದರೆ ಹೀಗಿರುತ್ತದೆ: ಪ್ರಯೋಗಾಲಯದ ಪರೀಕ್ಷೆ, ಕೂದಲು ತುಂಡಾಗುವುದರ ಬಗ್ಗೆ ಮಾತ್ರ, ಶ್ಯಾಂಪೂ ಮತ್ತು ಕಂಡಿಷನರ್ ಎರಡನ್ನೂ ಬಳಸಿದಾಗ, ಕಂಡಿಷನರ್ ಅಂಶವಿಲ್ಲದ ಸಾದಾ ಶ್ಯಾಂಪೂಗೆ ಹೋಲಿಸಿದರೆ.

ಈಗ ಒಂದೊಂದಾಗಿ ಬಿಡಿಸಿ. ಧ್ವನಿ ಹೇಳಿದ್ದು ಕೂದಲು ಉದುರುವ ಬಗ್ಗೆ. ಪರೀಕ್ಷೆ ಮಾಡಿದ್ದು ಬಾಚುವಾಗ ನಡುವೆ ತುಂಡಾಗುವ ಬಗ್ಗೆ. ಬುಡದಿಂದ ಬರುವ ಕೂದಲು ಬೇರೆ, ತುಂಡಾಗುವ ಕೂದಲು ಬೇರೆ. ತಲೆ ಬೋಳಾಗುವ ಭಯದಲ್ಲಿರುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮಾರುತ್ತಿರುವುದು ಶ್ಯಾಂಪೂ, ಪರೀಕ್ಷೆಯಲ್ಲಿದ್ದದ್ದು ಶ್ಯಾಂಪೂ ಜೊತೆಗೆ ಕಂಡಿಷನರ್. ಹೋಲಿಸಿದ್ದು ಮಾರುಕಟ್ಟೆಯ ಬೇರೆ ಒಳ್ಳೆಯ ಶ್ಯಾಂಪೂ ಜೊತೆಗಲ್ಲ. ಒಂದು ಸಣ್ಣಕ್ಷರದ ಸಾಲಿನಲ್ಲಿ ಮೂರು ತಿರುವು.

ಆಸ್ಕಿಯ ನಿಯಮ ಇಲ್ಲಿ ಸ್ಪಷ್ಟವಾಗಿದೆ. ನಕ್ಷತ್ರದ ಟಿಪ್ಪಣಿ ಮುಖ್ಯ ಮಾತನ್ನು ವಿವರಿಸಬಹುದು. ಅದಕ್ಕೆ ವಿರುದ್ಧವಾಗಿ ಹೇಳುವಂತಿಲ್ಲ, ತಪ್ಪು ದಾರಿಗೆಳೆಯುವ ಮಾತನ್ನು ಹಿಂಬಾಗಿಲಿನಿಂದ ಸರಿಪಡಿಸುವಂತಿಲ್ಲ, ಮುಖ್ಯ ವಿಷಯವನ್ನು ಮುಚ್ಚಿಡುವಂತಿಲ್ಲ. ಓದಲು ಆಗುವಂತಿರಬೇಕು. ಟಿ.ವಿ.ಯಲ್ಲಿ ಒಂದು ಫ್ರೇಮಿನಲ್ಲಿ ಎರಡು ಸಾಲಿಗಿಂತ ಜಾಸ್ತಿ ಇರಬಾರದು, ಸಾಲಿಗೆ 4 ಸೆಕೆಂಡಿನ ಲೆಕ್ಕದಲ್ಲಿ ನಿಲ್ಲಬೇಕು.

ಕನ್ನಡಿಗರು ಹೆಚ್ಚು ಬಳಸಿಕೊಳ್ಳಬೇಕಾದ ನಿಯಮ ಇನ್ನೊಂದಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಸರ್ಕಾರ ಹೊರಡಿಸಿದ 2022ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹಿಂದಿಯಲ್ಲಿ ಚಿತ್ರೀಕರಿಸಿ, ಧ್ವನಿ ಮಾತ್ರ ಕನ್ನಡಕ್ಕೆ ಡಬ್ ಮಾಡಿ, ಅಡಿಯ ಸಾಲನ್ನು ಇಂಗ್ಲಿಷಿನಲ್ಲೇ ಬಿಟ್ಟುಬಿಡುವುದು ನಮ್ಮ ಚಾನೆಲ್‌ಗಳಲ್ಲಿ ದಿನವೂ ಕಾಣುವ ಸಂಗತಿ. ಗ್ಯಾರಂಟಿ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ! ಹೇಳಿಕೆ ನಿಜವೋ ಸುಳ್ಳೋ ಎಂಬ ಚರ್ಚೆಗೆ ಹೋಗದೆ, ಬರೀ ಈ ಒಂದು ಕಾರಣಕ್ಕೇ ದೂರು ಕೊಡಬಹುದು. ನನ್ನ ಪ್ರಕಾರ ಕೊಡಲೇಬೇಕು.

ಹಂತ 4: ಸಾಕ್ಷಿ ತೆಗೆದಿಟ್ಟುಕೊಳ್ಳಿ

ಪತ್ರಿಕೆಯಾದರೆ ಇಡೀ ಪುಟದ ಫೋಟೊ ತೆಗೆಯಿರಿ. ಪತ್ರಿಕೆಯ ಹೆಸರು, ದಿನಾಂಕ, ಆವೃತ್ತಿ ಕಾಣಬೇಕು. ಬೆಂಗಳೂರು ಆವೃತ್ತಿಯಲ್ಲಿ ಇಲ್ಲದ ಜಾಹೀರಾತು ಕಲಬುರಗಿ ಆವೃತ್ತಿಯಲ್ಲಿ ಇರಬಹುದು. ಆಮೇಲೆ ಆ ಹೇಳಿಕೆ ಮತ್ತು ಸಣ್ಣಕ್ಷರದ ಸಾಲನ್ನು ಹತ್ತಿರದಿಂದ ಇನ್ನೊಂದು ಫೋಟೊ ತೆಗೆಯಿರಿ.

ಟಿ.ವಿ.ಯಾದರೆ ಚಾನೆಲ್, ದಿನ, ಹೊತ್ತು ಬರೆದಿಡಿ. ಬಹುತೇಕ ಜಾಹೀರಾತು ಕಂಪನಿಯ ಯೂಟ್ಯೂಬ್ ಪುಟದಲ್ಲೂ ಇರುತ್ತದೆ, ಆ ಲಿಂಕ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಮುಂದಿನ ಬಾರಿ ಬಂದಾಗ ಮೊಬೈಲಿನಲ್ಲಿ ಚಿತ್ರೀಕರಿಸಿ. ಹೋರ್ಡಿಂಗ್ ಆದರೆ ಯಾವ ರಸ್ತೆ, ಯಾವ ಸರ್ಕಲ್ ಎಂದು ಬರೆದುಕೊಳ್ಳಿ. ಗಾಡಿ ನಿಲ್ಲಿಸಿ ತೆಗೆಯಿರಿ, ಓಡಿಸುತ್ತಾ ಬೇಡ.

ರೀಲ್, ಸ್ಟೋರಿ, ಆನ್‌ಲೈನ್ ಜಾಹೀರಾತುಗಳಲ್ಲಿ ತಡ ಮಾಡಲೇಬೇಡಿ. ಸ್ಟೋರಿ 24 ಗಂಟೆಯಲ್ಲಿ ಮಾಯ. ನೀವು ಕಾಮೆಂಟಿನಲ್ಲಿ ಪ್ರಶ್ನೆ ಕೇಳಿದಿರಿ ಅಂದುಕೊಳ್ಳಿ, ಉತ್ತರ ಬರುವ ಮೊದಲೇ ಪೋಸ್ಟ್ ತಿದ್ದಿರುತ್ತಾರೆ. ಹಾಗಾಗಿ ಮೊದಲು ಸ್ಕ್ರೀನ್ ರೆಕಾರ್ಡಿಂಗ್, ಆಮೇಲೆ ಜಗಳ.

ಡಬ್ಬದ ಫೋಟೊ ಕೂಡ ಸೇರಿಸಿ. ಜಾಹೀರಾತಿನಲ್ಲಿ ಒಂದು ಹೇಳಿ ಡಬ್ಬದ ಹಿಂದೆ ಇನ್ನೊಂದು ಬರೆದಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಹಂತ 5: ದೂರು ಬರೆಯಿರಿ

ಉದ್ದ ಬೇಡ. ಕೋಪ ಬೇಡ. ‘ಇವರು ದೇಶವನ್ನೇ ಹಾಳು ಮಾಡುತ್ತಿದ್ದಾರೆ’ ಎಂಬ ಸಾಲನ್ನು ಅಳಿಸಿಹಾಕಿ. ಮೇಲಿನ ಶ್ಯಾಂಪೂ ಉದಾಹರಣೆಗೆ ದೂರು ಹೀಗಿರಬಹುದು:

> ಜಾಹೀರಾತು: (ಬ್ರ್ಯಾಂಡ್ ಹೆಸರು) ಶ್ಯಾಂಪೂ, ಕನ್ನಡ ಟಿ.ವಿ. ಜಾಹೀರಾತು. (ಚಾನೆಲ್), (ದಿನಾಂಕ), ರಾತ್ರಿ ಸುಮಾರು 8:40. ಯೂಟ್ಯೂಬ್ ಲಿಂಕ್ ಲಗತ್ತಿಸಿದೆ.
>
> ಆಕ್ಷೇಪದ ಹೇಳಿಕೆ: ‘ಕೂದಲು ಉದುರುವುದು 98 ಪರ್ಸೆಂಟ್ ಕಡಿಮೆ’ (ಧ್ವನಿ ಮತ್ತು ಪರದೆ, 14ನೇ ಸೆಕೆಂಡ್).
>
> ಕಾರಣ: 1) ಟಿಪ್ಪಣಿಯ ಪ್ರಕಾರ ಪರೀಕ್ಷೆ ಕೂದಲು ತುಂಡಾಗುವುದರ ಬಗ್ಗೆ ಮಾತ್ರ. ಹೇಳಿಕೆ ಎಲ್ಲ ಬಗೆಯ ಕೂದಲು ಉದುರುವಿಕೆಗೂ ಅನ್ವಯ ಎಂಬಂತಿದೆ. 2) ಪರೀಕ್ಷೆಯಲ್ಲಿ ಕಂಡಿಷನರ್ ಕೂಡ ಬಳಸಲಾಗಿದೆ. ಜಾಹೀರಾತು ಶ್ಯಾಂಪೂ ಒಂದನ್ನೇ ತೋರಿಸುತ್ತದೆ. 3) ಹೇಳಿಕೆ ಕನ್ನಡದಲ್ಲಿದೆ, ಟಿಪ್ಪಣಿ ಇಂಗ್ಲಿಷಿನಲ್ಲಿದೆ, ಓದಲು ಸಮಯ ಸಾಲುವುದಿಲ್ಲ.
>
> ಕೋರಿಕೆ: ಹೇಳಿಕೆಗೆ ಪುರಾವೆ ಕೇಳಿ. ಇಲ್ಲದಿದ್ದರೆ ಜಾಹೀರಾತನ್ನು ಹಿಂಪಡೆಯಲು ಅಥವಾ ತಿದ್ದಲು ಹೇಳಿ.

ಗಮನಿಸಿ, ಇದರಲ್ಲಿ ‘ಶ್ಯಾಂಪೂ ಕೆಲಸ ಮಾಡುವುದಿಲ್ಲ’ ಎಂದು ಎಲ್ಲೂ ಬರೆದಿಲ್ಲ. ಬರೆಯಲೂಬೇಡಿ. ಅದು ನಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹೇಳಿದ್ದಕ್ಕೂ ಪುರಾವೆಗೂ ಹೊಂದಾಣಿಕೆ ಇದೆಯಾ ಎಂದಷ್ಟೇ ಕೇಳುತ್ತಿದ್ದೇವೆ. ‘ನನ್ನ ಕೂದಲು ಇನ್ನೂ ಉದುರುತ್ತಿದೆ’ ಎಂಬ ನಿಮ್ಮ ಅನುಭವವನ್ನು ಕೊನೆಯಲ್ಲಿ ಒಂದು ಸಾಲು ಸೇರಿಸಬಹುದು. ದೂರು ಅದರ ಮೇಲೆ ನಿಂತಿರಬಾರದು, ಅಷ್ಟೆ.

ದೂರನ್ನು ನೋಡುವವರು ಮುಂಬೈಯಲ್ಲಿ ಕೂತವರು. ಕನ್ನಡ ಜಾಹೀರಾತಾದರೆ ಆಕ್ಷೇಪದ ಸಾಲನ್ನು ಇದ್ದ ಹಾಗೇ ಕನ್ನಡದಲ್ಲಿ ಬರೆದು, ಕೆಳಗೆ ಅದರ ಅರ್ಥವನ್ನು ಇಂಗ್ಲಿಷಿನಲ್ಲೂ ಕೊಡಿ. ದೂರಿನ ಉಳಿದ ಭಾಗವನ್ನೂ ಸರಳ ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ. ವ್ಯಾಕರಣ ತಪ್ಪಿದರೂ ಪರವಾಗಿಲ್ಲ.

ಹಂತ 6: ಕಳಿಸಿ

ಆಸ್ಕಿಯ ವೆಬ್‌ಸೈಟಿನಲ್ಲಿ ದೂರಿನ ಫಾರಂ ಇದೆ. ಅದೇ ಉತ್ತಮ. ಫೈಲುಗಳನ್ನು ಸೇರಿಸಬಹುದು, ದೂರು ಎಲ್ಲಿಯವರೆಗೆ ಬಂತು ಎಂದು ನೋಡಬಹುದು. ಫೋನಿನಲ್ಲೇ ಮುಗಿಸುವುದಾದರೆ ಅವರ ವಾಟ್ಸ್ಆ್ಯಪ್ ಸಂಖ್ಯೆ 77100 12345. ಫೋಟೊ, ಲಿಂಕ್, ಎರಡು ಸಾಲು ಕಾರಣ ಕಳಿಸಿದರೆ ಶುರುವಾಗುತ್ತದೆ.

ನಿಮ್ಮ ಹೆಸರು, ಸಂಪರ್ಕದ ವಿವರ ಕೊಡಬೇಕು. ಆದರೆ ಗ್ರಾಹಕರಾಗಿ ದೂರು ಕೊಟ್ಟವರ ಗುರುತನ್ನು ಕಂಪನಿಗೆ ಹೇಳುವುದಿಲ್ಲ. ಊರಿನ ಕೋಚಿಂಗ್ ಸೆಂಟರ್ ಮೇಲೆ ದೂರು ಕೊಡಲು ಹಿಂಜರಿಯುವವರು ಇದನ್ನು ನೆನಪಿಡಿ. ಎದುರಾಳಿ ಕಂಪನಿಯವರು ಕೊಡುವ ದೂರಿಗೆ ಬೇರೆ ದಾರಿ, ಅದಕ್ಕೆ ಶುಲ್ಕವೂ ಇದೆ. ಅಲ್ಲಿ ಹೆಸರು ಬಚ್ಚಿಡುವ ಮಾತಿಲ್ಲ. ನಿಮ್ಮ ಭಾವನೋ ಅಳಿಯನೋ ಆ ಕಂಪನಿಯ ಎದುರಾಳಿಯಲ್ಲಿ ಕೆಲಸಕ್ಕಿದ್ದು ನಿಮ್ಮ ಕೈಯಲ್ಲಿ ಬರೆಸುತ್ತಿದ್ದರೆ, ದಯವಿಟ್ಟು ಬೇಡ.

ಕಳಿಸಿದ ಮೇಲೆ ಒಳಗೆ ಏನಾಗುತ್ತದೆ

ಆಸ್ಕಿ ಮೊದಲು ದೂರು ತನ್ನ ವ್ಯಾಪ್ತಿಗೆ ಬರುತ್ತದಾ ಎಂದು ನೋಡುತ್ತದೆ. ಬಂದರೆ ಕಂಪನಿಗೆ ಬರೆಯುತ್ತದೆ. ಎಷ್ಟೋ ಬಾರಿ ಕಥೆ ಅಲ್ಲಿಗೇ ಮುಗಿಯುತ್ತದೆ. ಪುರಾವೆ ಇಲ್ಲದವರು ವಾದಕ್ಕೆ ನಿಲ್ಲದೆ ಜಾಹೀರಾತನ್ನು ತೆಗೆದುಬಿಡುತ್ತಾರೆ. ಇದಕ್ಕೆ ಅನೌಪಚಾರಿಕ ಇತ್ಯರ್ಥ ಎಂದು ಹೆಸರು.

ಕಂಪನಿ ಒಪ್ಪದಿದ್ದರೆ ತನ್ನ ಪರೀಕ್ಷಾ ವರದಿ, ಸಮೀಕ್ಷೆ, ಲೆಕ್ಕ ಎಲ್ಲ ಕೊಡುತ್ತದೆ. ವಿಷಯ ತಾಂತ್ರಿಕವಾಗಿದ್ದರೆ ಆ ಕ್ಷೇತ್ರದ ಪರಿಣತರ ಅಭಿಪ್ರಾಯ ಪಡೆಯುತ್ತಾರೆ. ಆಮೇಲೆ ದೂರು ಸಮಿತಿಯ ಮುಂದೆ ಬರುತ್ತದೆ. ದೂರನ್ನು ಎತ್ತಿಹಿಡಿದರೆ ಕಂಪನಿ ಜಾಹೀರಾತನ್ನು ತಿದ್ದಬೇಕು ಅಥವಾ ನಿಲ್ಲಿಸಬೇಕು. ತೀರ್ಮಾನ ಒಪ್ಪಿಗೆಯಾಗದವರು ನಿವೃತ್ತ ನ್ಯಾಯಾಧೀಶರು ನಡೆಸುವ ಮರುಪರಿಶೀಲನೆಗೆ ಹೋಗಬಹುದು. ಜನರಿಗೆ ತಕ್ಷಣ ಹಾನಿ ಮಾಡುವಂಥ ಜಾಹೀರಾತಾದರೆ, ವಿಚಾರಣೆ ಮುಗಿಯುವ ಮೊದಲೇ ನಿಲ್ಲಿಸಲು ಹೇಳುವ ಅವಕಾಶವೂ ಇದೆ.

ಈ ವ್ಯವಸ್ಥೆಯ ದೊಡ್ಡ ಕೊರತೆ ಇರುವುದು ವೇಗದಲ್ಲಿ. ಹಬ್ಬದ ಸೇಲ್, ಐಪಿಎಲ್, ಸಿಇಟಿ ಸೀಸನ್, ಇವೆಲ್ಲ ಕೆಲವು ವಾರಗಳ ಆಟ. ತೀರ್ಮಾನ ಬರುವ ಹೊತ್ತಿಗೆ ಜಾಹೀರಾತು ತನ್ನ ಕೆಲಸ ಮುಗಿಸಿ ಮನೆಗೆ ಹೋಗಿರುತ್ತದೆ. ‘ಆ ಜಾಹೀರಾತನ್ನು ಆಗಲೇ ನಿಲ್ಲಿಸಿದ್ದೇವೆ’ ಎಂದು ಕಂಪನಿ ವಿನಯದಿಂದ ಬರೆಯುತ್ತದೆ. ದಂಡವೂ ಇಲ್ಲ. ಸ್ವಯಂ ನಿಯಂತ್ರಣ ಕೆಲಸ ಮಾಡುವುದು ಹೆಸರು ಕೆಟ್ಟರೆ ನಷ್ಟ ಎಂದು ಹೆದರುವ ಕಂಪನಿಗಳ ಮೇಲೆ. ಪ್ರತಿ ಆರು ತಿಂಗಳಿಗೆ ಹೆಸರು ಬದಲಿಸುವ ಎಣ್ಣೆ ಕಂಪನಿಗೆ ಯಾವ ಹೆದರಿಕೆ? ಆದ್ದರಿಂದಲೇ ಮುಂದಿನ ಹಂತ ಗೊತ್ತಿರಬೇಕು.

ಹಂತ 7: ಆಸ್ಕಿ ಸಾಲದಾದರೆ

ಜಾಹೀರಾತು ತಯಾರಿಸಿದವರು ಮಾತು ಕೇಳದಿದ್ದರೆ ಆಸ್ಕಿಯೇ ವಿಷಯವನ್ನು ಸಂಬಂಧಪಟ್ಟ ಸರ್ಕಾರಿ ಪ್ರಾಧಿಕಾರಕ್ಕೆ ಕಳಿಸುತ್ತದೆ. ನೀವು ನೇರವಾಗಿಯೂ ಹೋಗಬಹುದು.

2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಶುರುವಾದದ್ದು ಸಿಸಿಪಿಎ. ಇದಕ್ಕೆ ಹಲ್ಲಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ವಸ್ತುವನ್ನು ಹೊಗಳಿದ ತಾರೆಗೂ ದಂಡ ಬೀಳಬಹುದು, ಒಂದು ವರ್ಷ ಯಾವ ಜಾಹೀರಾತಿನಲ್ಲೂ ಕಾಣಿಸಿಕೊಳ್ಳದಂತೆ ತಡೆಯಬಹುದು, ಮತ್ತೆ ತಪ್ಪಿದರೆ ಮೂರು ವರ್ಷ. ಹೇಳಿಕೆ ನಿಜವೇ ಎಂದು ತಾನು ಮೊದಲೇ ವಿಚಾರಿಸಿದ್ದೆ ಎಂದು ತೋರಿಸಿದರೆ ತಾರೆ ಪಾರು.

ಸಿಸಿಪಿಎಗೆ ದೂರು ಕೊಡಲು ದೆಹಲಿಗೇ ಬರೆಯಬೇಕಿಲ್ಲ. ಕಾಯ್ದೆಯ 17ನೇ ಕಲಮಿನ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ನಿಮ್ಮ ಜಿಲ್ಲಾಧಿಕಾರಿಗೇ ಕೊಡಬಹುದು. ಡಿ.ಸಿ. ಕಚೇರಿಗೆ ಜಮೀನಿನ ವಿಷಯಕ್ಕೆ ಹೋಗುವ ನಮಗೆ ಇದು ಹೊಳೆಯುವುದೇ ಇಲ್ಲ. ಆಸ್ಕಿಗೆ ಬರೆದ ದೂರನ್ನೇ ಪ್ರಿಂಟ್ ತೆಗೆದು, ಕಲಮಿನ ಸಂಖ್ಯೆ ಸೇರಿಸಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ಕೆಲವು ಕ್ಷೇತ್ರಗಳಿಗೆ ಬೇರೆ ಬಾಗಿಲುಗಳಿವೆ. ಆಹಾರಕ್ಕೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ. ಷೇರು ಟಿಪ್ಸ್ ಕೊಡುವವರ ಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿ. ಸೈಟು, ಫ್ಲ್ಯಾಟು ಜಾಹೀರಾತಿಗೆ ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ, ರೇರಾ ವೆಬ್‌ಸೈಟಿನ ವಿಳಾಸ ಎದ್ದು ಕಾಣಬೇಕು ಎಂದು ರೇರಾ ಕಾಯ್ದೆಯೇ ಹೇಳುತ್ತದೆ. ‘ಏರ್‌ಪೋರ್ಟಿನಿಂದ 15 ನಿಮಿಷ’ ಎಂಬುದನ್ನು ನೋಡಿ ನಗುವ ಮೊದಲು ಆ ಸಂಖ್ಯೆ ಇದೆಯಾ ನೋಡಿ. ಸುಳ್ಳು ಜಾಹೀರಾತನ್ನು ನಂಬಿ ಮುಂಗಡ ಕೊಟ್ಟು ನಷ್ಟವಾಗಿದ್ದರೆ, ಅದೇ ಕಾಯ್ದೆಯಲ್ಲಿ ಪರಿಹಾರಕ್ಕೂ ದಾರಿ ಇದೆ.

ಜಾಹೀರಾತು ನಂಬಿ ಕೊಂಡು ದುಡ್ಡು ಕಳೆದುಕೊಂಡಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದಾಖಲಿಸಬೇಕು. ಆಸ್ಕಿ ನಿಮ್ಮ ದೂರನ್ನು ಎತ್ತಿಹಿಡಿದಿದ್ದರೆ ಆ ತೀರ್ಮಾನದ ಪ್ರತಿಯನ್ನು ಅರ್ಜಿಯ ಜೊತೆ ಇಡಿ, ಆಯೋಗ ಅದಕ್ಕೆ ಕಟ್ಟುಬೀಳಬೇಕಿಲ್ಲ, ಆದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಆ ಮೇಲೆ ಅದೇ ಕಂಪನಿ ಅದೇ ಮಾತನ್ನು ಬೇರೆ ನಟಿಯ ಬಾಯಲ್ಲಿ ಮತ್ತೆ ಹೇಳಿಸಿದರೆ, ಹಳೆಯ ದೂರಿನ ಸಂಖ್ಯೆ ಹಾಕಿ ಆಸ್ಕಿಗೆ ಇನ್ನೊಮ್ಮೆ ಬರೆಯಿರಿ.